ಗ್ರಾಫೈಟ್‌ನ ಪದರ ಬಿಡಿಸಿದ ಬಗೆ

ಪೆನ್ಸಿಲಿನಿಂದ ಗೀರು ಎಳೆದಾಗಲೆಲ್ಲ ಗ್ರಾಫೈಟ್ ಪದರ ಪದರವಾಗಿ ಕಳಚಿ ಕಾಗದಕ್ಕೆ ಅಂಟುತ್ತದೆ. ಒಂದೇ ಪದರದ ಇಂಗಾಲದ ಪರಮಾಣುಗಳು ಬಿಗಿಯಾಗಿ ಬೆಸೆದುಕೊಂಡಿರುತ್ತವೆ. ಪದರಕ್ಕೂ ಪದರಕ್ಕೂ ನಡುವಿನ ಹಿಡಿತ ಮಾತ್ರ ಸಡಿಲ. ನಡುವಿನ ಅಂತರ 0.335 ನ್ಯಾನೊಮೀಟರ್. ಹರಿಯದಂತೆ, ಗಾಯವಾಗದಂತೆ ಆ ಪದರಗಳನ್ನು ಬಿಡಿಸುವುದೇ ಕಷ್ಟ. ಹಾಗೆ ಬಿಡಿಸಿದ ಒಂಟಿ ಪದರವೇ ಗ್ರಾಫೀನ್.

ಈ ಕಥೆಯನ್ನು 2004ರಲ್ಲಿ ಅಂಟುಪಟ್ಟಿಯಿಂದ (ಸೆಲ್ಲೊಟೇಪ್) ಗ್ರಾಫೀನ್ ಬಿಡಿಸಿದ ಪ್ರಯೋಗದಿಂದ ಆರಂಭಿಸುವುದು ರೂಢಿ. ನನಗೆ ಅದು ಅನ್ಯಾಯವೆನಿಸುತ್ತದೆ. 1859ರಲ್ಲೇ ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ಬೆಂಜಮಿನ್ ಬ್ರಾಡಿ, ಗ್ರಾಫೈಟ್‌ನ ಪರಮಾಣು ತೂಕ ತಿಳಿಯಲು ಹೊರಟು, ಅದನ್ನು ಪೊಟ್ಯಾಸಿಯಂ ಕ್ಲೋರೇಟ್ ಮತ್ತು ಹೊಗೆಯಾಡುವ ನೈಟ್ರಿಕ್ ಆಮ್ಲದಲ್ಲಿ ಮತ್ತೆ ಮತ್ತೆ ಕಾಯಿಸಿದರು. ಸಿಕ್ಕಿದ್ದು ಇಂದಿನ ಗ್ರಾಫೈಟ್ ಆಕ್ಸೈಡ್, ಅಂದರೆ ಪದರಗಳಿಗೆ ಆಮ್ಲಜನಕ ಅಂಟಿಕೊಂಡ ಗ್ರಾಫೈಟ್.

1958ರಲ್ಲಿ ಹಮ್ಮರ್ಸ್ ಮತ್ತು ಆಫೆಮನ್ ಎಂಬ ರಸಾಯನಶಾಸ್ತ್ರಜ್ಞರು ದಿನಗಟ್ಟಲೆಯ ಈ ಕೆಲಸವನ್ನು ಕೆಲವೇ ಗಂಟೆಗಳಿಗೆ ಇಳಿಸಿದರು. ಮಂಜುಗಡ್ಡೆಯಲ್ಲಿಟ್ಟ ಸಲ್ಫ್ಯೂರಿಕ್ ಆಮ್ಲದಲ್ಲಿ ಗ್ರಾಫೈಟ್ ಮತ್ತು ಸೋಡಿಯಂ ನೈಟ್ರೇಟ್ ಕಲಸಿ, ಪೊಟ್ಯಾಸಿಯಂ ಪರ್ಮಾಂಗನೇಟನ್ನು ಚಿಟಿಕೆ ಚಿಟಿಕೆಯಾಗಿ ಸೇರಿಸಬೇಕು. ಉಷ್ಣತೆ 20 ಡಿಗ್ರಿ ದಾಟಬಾರದು. ಆತುರಪಟ್ಟರೆ ಸ್ಫೋಟದ ಅಪಾಯ. ಆಮೇಲೆ ಬೆಚ್ಚಗಾದ ಮಿಶ್ರಣ ಅಂಬಲಿಯಂತೆ ದಪ್ಪವಾಗುತ್ತದೆ. ನೀರು ಬಿದ್ದೊಡನೆ ಕುದಿದೇಳುತ್ತದೆ, ಕೊನೆಗೆ ಹೈಡ್ರೋಜನ್ ಪೆರಾಕ್ಸೈಡ್ ಹಾಕಿದಾಗ ಹೊಳೆಯುವ ಹಳದಿಗೆ ತಿರುಗುತ್ತದೆ. ಪದರಗಳಿಗೆ ಅಂಟಿದ ಆಮ್ಲಜನಕದ ಗುಂಪುಗಳಿಂದಾಗಿ ಅದು ನೀರಿನಲ್ಲಿ ಸುಲಭವಾಗಿ ಬಿಡಿಬಿಡಿಯಾಗುತ್ತದೆ. ಥಟ್ಟನೆ ಕಾಯಿಸಿದರೆ ಆ ಗುಂಪುಗಳು ಅನಿಲವಾಗಿ ನುಗ್ಗಿ, ಜೋಳ ಅರಳಾದಂತೆ ಪದರಗಳು ಸಿಡಿದು ಉಬ್ಬುತ್ತವೆ. ಬೆಂಗಳೂರಿನ ಜಕ್ಕೂರಿನಲ್ಲಿ ಸಿ.ಎನ್.ಆರ್. ರಾವ್ ಅವರ ತಂಡವೂ ಈ ದಾರಿಯಲ್ಲಿ ಗ್ರಾಫೀನ್ ತಯಾರಿಸಿದೆ.

ಆದರೆ ಆಮ್ಲಜನಕವನ್ನು ತೆಗೆದರೂ ಅದು ಮಾಡಿದ ಗಾಯ ಪೂರ್ತಿ ಮಾಯುವುದಿಲ್ಲ; ವಿದ್ಯುತ್ತಿನ ಹರಿವು ಕುಗ್ಗುತ್ತದೆ. ಮ್ಯಾಂಚೆಸ್ಟರಿನ ಆಂದ್ರೆ ಗೈಮ್ ಮತ್ತು ಕಾನ್‌ಸ್ಟಾಂಟಿನ್ ನೊವೊಸೆಲೊವ್ ಅವರ ಅಂಟುಪಟ್ಟಿ ಗೆದ್ದದ್ದು ಇಲ್ಲೇ. ಅಂಟಿಸಿ, ಎಳೆದು, ಮತ್ತೆ ಅಂಟಿಸಿ ಪಡೆದ ಒಂಟಿ ಪದರ ಬಹುತೇಕ ದೋಷರಹಿತವಾಗಿತ್ತು. 2010ರಲ್ಲಿ ನೊಬೆಲ್ ಬಂತು. ಆದರೆ ಹೀಗೆ ದೊರೆಯುವುದು ಕಣ್ಣಿಗೆ ಕಾಣದಷ್ಟು ಚಿಕ್ಕ ಚೂರು.

ಡಬ್ಲಿನ್‌ನ ಜೊನಾಥನ್ ಕೋಲ್ಮನ್ ತಂಡ 2008ರಲ್ಲಿ ಆಮ್ಲವನ್ನೇ ಬಿಟ್ಟು, ತಕ್ಕ ದ್ರಾವಕದಲ್ಲಿ ಶ್ರವಣಾತೀತ ಕಂಪನದಿಂದ ಪದರ ಬಿಡಿಸಿತು. 2014ರಲ್ಲಿ ಅಡುಗೆಮನೆಯ ಮಿಕ್ಸಿಯಂಥ ಯಂತ್ರವೂ ಸಾಕೆಂದು ತೋರಿಸಿತು. ಗಾಯ ಕಡಿಮೆ, ಪ್ರಮಾಣ ಹೆಚ್ಚು. ಆದರೆ ಒಂಟಿ ಪದರಗಳು ವಿರಳ. ಹಲವು ಪದರಗಳ ಚೂರುಗಳೇ ಜಾಸ್ತಿ.

ಗ್ರಾಫೀನ್ ಮಾರುಕಟ್ಟೆಯ ಮೋಸ ಹುಟ್ಟುವುದು ಒಂಟಿ ಪದರಕ್ಕೂ ಹಲವು ಪದರಗಳ ಚೂರಿಗೂ ನಡುವಿನ ಈ ಸಂದಿನಲ್ಲೇ. 2018ರಲ್ಲಿ 60 ಕಂಪನಿಗಳ ಮಾದರಿಗಳನ್ನು ಪರೀಕ್ಷಿಸಿದಾಗ, ಹೆಚ್ಚಿನವುಗಳಲ್ಲಿ ಗ್ರಾಫೀನ್ ಇದ್ದದ್ದು ಶೇ 10ಕ್ಕಿಂತ ಕಡಿಮೆ. ಉಳಿದದ್ದು ಬರೀ ನುಣ್ಣಗಿನ ಗ್ರಾಫೈಟ್ ಪುಡಿ.