ಸಂಪಾಜೆ ಏರಿಗೆ ಯಾವ ಹೆಡರ್, ಯಾವ ಕ್ಯಾಮ್?

ಪಕ್ಕದ ತೋಟದ ಹುಡುಗ ಹೋದ ವರ್ಷ ಒಂದು ಹಳೇ ಮಾರುತಿ ಜಿಪ್ಸಿ ತೆಗೆದುಕೊಂಡ. 2004ರ ಮಾಡೆಲ್, ಕಂಪ್ಯೂಟರ್ ಲೆಕ್ಕದಲ್ಲಿ ಪೆಟ್ರೋಲ್ ಸಿಂಪಡಿಸುವ ಎಂಪಿಎಫ್‌ಐ ಇಂಜಿನ್. ಗೋಣಿಕೊಪ್ಪದಲ್ಲಿ ಗದ್ದೆಯ ಆಟೋಕ್ರಾಸ್ ನೋಡಿಕೊಂಡು ಬಂದವನು ಅದೇ ಸಂಜೆ ನಮ್ಮ ಮನೆಗೆ ಬಂದ. "ಅಣ್ಣ, ಹೆಡರ್ ಹಾಕಿಸಿ ಕ್ಯಾಮ್ ಬದಲಾಯಿಸಿದ್ರೆ ಪಿಕಪ್ ಜಾಸ್ತಿ ಆಗುತ್ತಾ?" ಅಂತ ಕೇಳಿದ. ಹೆಡರ್ ಅಂದರೆ ಇಂಜಿನಿನ ಹೊಗೆ ಹೊರಗೆ ಒಯ್ಯುವ ಪೈಪುಗಳ ಜೋಡಣೆ. ಕ್ಯಾಮ್ ಅಂದರೆ ಗಾಳಿ, ಹೊಗೆಯ ಬಾಗಿಲುಗಳಾದ ವಾಲ್ವ್‌ಗಳನ್ನು ತೆರೆಯುವ ಶಾಫ್ಟು.

ಆಗುತ್ತೆ. ಆದರೆ ಯಾವ ಆರ್‌ಪಿಎಂನಲ್ಲಿ, ಅಂದರೆ ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುವಾಗ, ಅನ್ನುವುದು ಮುಖ್ಯ. ಅವನ ಜಿಪ್ಸಿ ದಿನಾ ಓಡುವ ಗಾಡಿ. ಗೊಬ್ಬರದ ಮೂಟೆ, ಕಾಫಿ ಚೀಲ, ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವುದು, ವಾರಕ್ಕೊಮ್ಮೆ ಸಂಪಾಜೆ ಘಾಟಿ ಇಳಿದು ಸುಳ್ಯ. ಗದ್ದೆಯಲ್ಲಿ ಎರಡು ನಿಮಿಷ ಕಿರುಚಿ ಓಡುವ ಗಾಡಿಗೂ ಇದಕ್ಕೂ ಬೇಕಾದದ್ದು ಬೇರೆ ಬೇರೆ.

ಮೊದಲು ಹೆಡರ್ ವಿಷಯ. ಕಂಪನಿಯಿಂದ ಬರುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಸಾಮಾನ್ಯವಾಗಿ ಎರಕದ ಕಬ್ಬಿಣದ್ದು. ನಾಲ್ಕು ಸಿಲಿಂಡರಿನ ಹೊಗೆಯೂ ಗೇಣುದ್ದದೊಳಗೆ ಒಂದಾಗಿಬಿಡುತ್ತದೆ. ಹೆಡರ್‌ನಲ್ಲಿ ಒಂದೊಂದು ಸಿಲಿಂಡರಿಗೂ ಬೇರೆ ಪೈಪು ಇರುತ್ತದೆ. ಅವು ಸ್ವಲ್ಪ ದೂರ ಹೋಗಿ ಆಮೇಲೆ ಸೇರುತ್ತವೆ. ದಾರಿ ಅಗಲವಾದರೆ ಹೊಗೆ ಸಲೀಸಾಗಿ ಹೋಗುತ್ತೆ, ಅಷ್ಟೇ ಅಂತ ಬಹಳ ಜನ ತಿಳಿದಿದ್ದಾರೆ. ಅದು ಅರ್ಧ ನಿಜ. ಇನ್ನರ್ಧ ಅಲೆಯ ಕೆಲಸ.

ಎಕ್ಸಾಸ್ಟ್ ವಾಲ್ವ್ ತೆರೆದಾಗ ಸಿಲಿಂಡರಿನೊಳಗೆ ಇನ್ನೂ ಒತ್ತಡ ಉಳಿದಿರುತ್ತದೆ. ಅದು ಕೋವಿಯ ಈಡಿನ ಹಾಗೆ ಪೈಪಿಗೆ ಸಿಡಿಯುತ್ತದೆ. ಕೊಡಗಿನ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ದಿನ ಕೋವಿ ಹೊಡೆದರೆ ಎದುರು ಬೆಟ್ಟದಿಂದ ಸದ್ದು ವಾಪಸ್ ಬರುತ್ತದಲ್ಲ, ಪೈಪಿನಲ್ಲೂ ಹಾಗೆ ಅಲೆ ತಿರುಗಿ ಬರುತ್ತದೆ. ಒಂದು ವ್ಯತ್ಯಾಸ ಇದೆ. ಬೆಟ್ಟ ಗೋಡೆಯಂತೆ, ಒತ್ತಿ ಬಂದ ಅಲೆಯನ್ನು ಒತ್ತುವ ಅಲೆಯಾಗಿಯೇ ಕಳಿಸುತ್ತದೆ. ಪೈಪಿನ ತುದಿ ತೆರೆದ ಬಾಯಿ. ಅಲ್ಲಿ ಗಾಳಿ ಒಮ್ಮೆಗೇ ಹರಡಿಕೊಂಡು ಮುಂದೆ ನುಗ್ಗುತ್ತದೆ, ಹಿಂದೆ ಒತ್ತಡ ಕುಸಿಯುತ್ತದೆ. ಆ ಕುಸಿತವೇ ವಾಲ್ವ್ ಕಡೆಗೆ ವಾಪಸ್ ಓಡುತ್ತದೆ. ಒತ್ತಿಕೊಂಡು ಹೋದದ್ದು ಎಳೆದುಕೊಂಡು ಬರುತ್ತದೆ. ನಮ್ಮ ಮದುವೆಗಳಲ್ಲಿ ವಾಲಗದವರು ಊದುವ ಕೊಂಬಿನೊಳಗೂ ಅಲೆ ಹೀಗೇ ಹೋಗಿ ಬರುತ್ತದೆ. ಕೊಂಬು ಉದ್ದವಾದಷ್ಟೂ ಸ್ವರ ತಗ್ಗು. ಹೆಡರ್ ಪೈಪು ಉದ್ದವಾದಷ್ಟೂ ಅದು ಕೆಲಸಕ್ಕೆ ಬರುವ ಆರ್‌ಪಿಎಂ ತಗ್ಗು.

ಆ ಎಳೆತ ಯಾಕೆ ಬೇಕು? ಹೊಗೆ ಹೊರಗೆ ಹೋಗುವ ಕೊನೆಗಳಿಗೆಯಲ್ಲಿ ಇನ್‌ಲೆಟ್ ವಾಲ್ವ್ ಆಗಲೇ ತೆರೆಯತೊಡಗಿರುತ್ತದೆ. ಸ್ವಲ್ಪ ಹೊತ್ತು ಎರಡೂ ಬಾಗಿಲು ತೆರೆದಿರುತ್ತವೆ. ಇದಕ್ಕೆ ಓವರ್‌ಲ್ಯಾಪ್ ಅನ್ನುತ್ತಾರೆ. ಸರಿಯಾಗಿ ಆ ಹೊತ್ತಿಗೆ ಎಳೆತದ ಅಲೆ ಬಂದರೆ ಉಳಿದ ಹೊಗೆಯೂ ಹೋಗುತ್ತದೆ, ಹೊಸ ಗಾಳಿಯೂ ಒಳಗೆ ಬರುತ್ತದೆ.

ಲೆಕ್ಕ ಹಾಕಿ ನೋಡೋಣ. ಬಿಸಿ ಹೊಗೆಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 550 ಮೀಟರ್ ಓಡುತ್ತದೆ. ಹೊರಗಿನ ಗಾಳಿಯಲ್ಲಾದರೆ ಸುಮಾರು 340. ಪೈಪು 80 ಸೆಂಟಿಮೀಟರ್ ಇದ್ದರೆ ಹೋಗಿ ಬರಲು 3 ಮಿಲಿಸೆಕೆಂಡಿಗೂ ಒಂಚೂರು ಕಡಿಮೆ ಸಾಕು. ಅಷ್ಟರಲ್ಲಿ 6000 ಆರ್‌ಪಿಎಂನಲ್ಲಿ ಪಿಸ್ಟನ್‌ಗಳು ತಿರುಗಿಸುವ ಶಾಫ್ಟು, ಅಂದರೆ ಕ್ರ್ಯಾಂಕ್, ಸುಮಾರು 105 ಡಿಗ್ರಿ ತಿರುಗಿರುತ್ತದೆ. 3000ದಲ್ಲಿ ಅದರ ಅರ್ಧ ಮಾತ್ರ. ಅಲೆಗೆ ಇಂಜಿನಿನ ವೇಗ ಗೊತ್ತಿಲ್ಲ, ಅದು ತನ್ನ ಹೊತ್ತಿಗೇ ಬರುತ್ತದೆ. 6000ಕ್ಕೆ ಸರಿಹೋಗುವ ಪೈಪಿನಲ್ಲಿ ಅದು 3000ದಲ್ಲಿ ತೀರಾ ಬೇಗ ಬಂದು ವ್ಯರ್ಥವಾಗುತ್ತದೆ.

ನಮ್ಮ ಏರುಗಳಲ್ಲಿ ಇಂಜಿನ್ ಎಷ್ಟು ಆರ್‌ಪಿಎಂನಲ್ಲಿ ಓಡುತ್ತೆ? ನಾನು ಒಮ್ಮೆ ನನ್ನ ಗಾಡಿಗೆ ಆರ್‌ಪಿಎಂ ಮೀಟರ್ ಹಾಕಿಸಿ ಸಂಪಾಜೆಯಿಂದ ಮಡಿಕೇರಿವರೆಗೆ ನೋಡಿಸಿದೆ. ಹೆಂಡತಿ ಪಕ್ಕದಲ್ಲಿ ಕೂತು ಹಳೇ ಡೈರಿಯಲ್ಲಿ ಪ್ರತಿ ತಿರುವಿಗೂ ಒಂದು ಅಂಕಿ ಬರೆದಳು. ಕೊಯನಾಡು, ಜೋಡುಪಾಲ, ಮದೆನಾಡು. ಮುಳ್ಳು ಹೆಚ್ಚಾಗಿ 2200ರಿಂದ 3400ರ ಒಳಗೇ ಇತ್ತು. 4000 ದಾಟಿದ್ದು ಲಾರಿ ಹಿಂದೆ ಹಾಕಿದಾಗ ಎರಡೇ ಸಲ. ಆ ಡೈರಿಯ ಹಾಳೆ ತೋರಿಸಿದಾಗಲೇ ಹುಡುಗನ ಮುಖ ಬದಲಾಯಿತು.

ಆ ಹಾಳೆಯ ಪ್ರಕಾರ ಅವನಿಗೆ ಒಗ್ಗುವುದು 4-2-1 ಹೆಡರ್. ನಾಲ್ಕು ಪೈಪು ಮೊದಲು ಎರಡಾಗಿ, ಆಮೇಲೆ ಒಂದಾಗುತ್ತವೆ. ಈ ಇಂಜಿನ್ನಿನ ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳು ಉರಿಯುವ ಸರದಿ, 1-3-4-2. ಆದ್ದರಿಂದ 1ನ್ನು 4ರ ಜೊತೆ, 2ನ್ನು 3ರ ಜೊತೆ ಸೇರಿಸುತ್ತಾರೆ. ಆಗ ಜೋಡಿಯ ಎರಡು ಸಿಡಿತಗಳ ನಡುವೆ ಕ್ರ್ಯಾಂಕಿನ ಪೂರ್ತಿ ಒಂದು ಸುತ್ತು ಇರುತ್ತದೆ, ಒಂದಕ್ಕೊಂದು ಅಡ್ಡ ಬರುವುದಿಲ್ಲ. ಅಲೆ ಓಡುವ ಒಟ್ಟು ದಾರಿಯೂ ಉದ್ದವಾಗುತ್ತದೆ, ನಡುವಿನ ಆರ್‌ಪಿಎಂನಲ್ಲಿ ಎಳೆತ ಸಿಗುತ್ತದೆ. ನಾಲ್ಕೂ ಒಂದೇ ಕಡೆ ಸೇರುವ ಗಿಡ್ಡ 4-1 ಹೆಡರ್ ಮೇಲಿನ ಆರ್‌ಪಿಎಂಗೆ ಒಳ್ಳೆಯದು. ನಾನು ಮೊದಲು ತಂದದ್ದು ಅದನ್ನೇ. ಸದ್ದು ಜಾಸ್ತಿಯಾಯಿತು, ಜೋಡುಪಾಲದ ಏರಿನಲ್ಲಿ ಗಾಡಿಯ ಎಳೆತ ಕಮ್ಮಿಯಾಯಿತು.

ಪೈಪು ದಪ್ಪ ಇದ್ದರೆ ಒಳ್ಳೆಯದು ಅಂತಲೂ ಇಲ್ಲ. ತೀರಾ ದಪ್ಪವಾದರೆ ಹೊಗೆಯ ವೇಗ ಇಳಿಯುತ್ತದೆ, ಕೆಳಗಿನ ಆರ್‌ಪಿಎಂ ಸೊರಗುತ್ತದೆ. ಹೆಡರನ್ನು ಇಂಜಿನ್ನಿಗೆ ಬಿಗಿಯುವ ತಟ್ಟೆ, ಫ್ಲೇಂಜ್, ದಪ್ಪ ಇರಲಿ, ಗ್ಯಾಸ್ಕೆಟ್ ಹೊಸದಿರಲಿ. ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್‌ಗೆ ಮುಂಚೆ ಎಲ್ಲಾದರೂ ಲೀಕ್ ಇದ್ದರೆ ಎಳೆತದ ಅಲೆ ಹೊರಗಿನ ಗಾಳಿಯನ್ನು ಒಳಗೆ ಹೀರುತ್ತದೆ. ಆ ಗಾಳಿ ನೋಡಿ ಸೆನ್ಸರ್ ಪೆಟ್ರೋಲ್ ಕಮ್ಮಿಯಾಗಿದೆ ಅನ್ನುತ್ತದೆ, ಕಂಪ್ಯೂಟರ್ ಸುಮ್ನೆ ಜಾಸ್ತಿ ಸುರಿಯುತ್ತದೆ. ನಮ್ಮ ಮಳೆಗೆ ಸ್ಟೇನ್‌ಲೆಸ್ ಸ್ಟೀಲೇ ಬೇಕು. ಮೈಲ್ಡ್ ಸ್ಟೀಲಿಗೆ ಬಟ್ಟೆಯಂಥ ಹೀಟ್ ರ‍್ಯಾಪ್ ಸುತ್ತಿದರೆ ಅದು ನೀರು ಹಿಡಿದಿಟ್ಟುಕೊಂಡು ಒಳಗೇ ತುಕ್ಕು ಹಿಡಿಸುತ್ತದೆ.

ಇನ್ನು ಕ್ಯಾಮ್. ಕುಶಾಲನಗರದಲ್ಲಿ ನಮ್ಮ ಗಾಡಿ ನೋಡುವ ಮೆಕ್ಯಾನಿಕ್ ಹುಡುಗನ ಜಿಪ್ಸಿಯ ವಾಲ್ವ್ ಕವರ್ ತೆಗೆದು ತೋರಿಸಿದರು. ಎಣ್ಣೆಯಲ್ಲಿ ಮಿನುಗುವ ಉದ್ದನೆಯ ಶಾಫ್ಟು, ಅದರ ಮೇಲೆ ಕೋಳಿಮೊಟ್ಟೆಯನ್ನು ಉದ್ದಕ್ಕೆ ಸೀಳಿದಂಥ ಉಬ್ಬುಗಳು. ಅವು ಲೋಬ್‌ಗಳು. ಲೋಬ್ ಎಷ್ಟು ಎತ್ತರವೋ ವಾಲ್ವ್ ಅಷ್ಟು ತೆರೆಯುತ್ತದೆ. ಎಷ್ಟು ಅಗಲವೋ ಅಷ್ಟು ಹೊತ್ತು ತೆರೆದಿರುತ್ತದೆ. ಕ್ರ್ಯಾಂಕ್ ಎರಡು ಸುತ್ತು ಸುತ್ತಿದರೆ ಕ್ಯಾಮ್ ಒಂದು ಸುತ್ತು. 3000 ಆರ್‌ಪಿಎಂನಲ್ಲಿ ಒಂದೊಂದು ವಾಲ್ವೂ ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ.

ರೇಸಿನ ಕ್ಯಾಮ್ ಇನ್‌ಲೆಟ್ ವಾಲ್ವನ್ನು ತಡವಾಗಿ ಮುಚ್ಚುತ್ತದೆ. ಪಿಸ್ಟನ್ ಮೇಲೆ ಬರತೊಡಗಿದ ಮೇಲೂ ಬಾಗಿಲು ತೆರೆದೇ ಇರುತ್ತದೆ. 6000ದಲ್ಲಿ ಇದರಿಂದ ಲಾಭ. ರಭಸದಿಂದ ಬರುವ ಗಾಳಿ ಪಿಸ್ಟನ್‌ಗೂ ಎದುರಾಗಿ ಒಳಗೆ ನುಗ್ಗುತ್ತದೆ. 2500ರಲ್ಲಿ ಗಾಳಿಗೆ ಆ ರಭಸ ಇರುವುದಿಲ್ಲ. ಪಿಸ್ಟನ್ ಅದನ್ನು ಬಂದ ದಾರಿಗೇ ಹಿಂದಕ್ಕೆ ತಳ್ಳುತ್ತದೆ, ಗಾಡಿಯ ಎಳೆತ ಬಿದ್ದುಹೋಗುತ್ತದೆ. ಈ ಜಿಪ್ಸಿಯ ಇಂಜಿನ್ 1298 ಸಿಸಿ, 80 ಎಚ್‌ಪಿ. ಅದರ ಗರಿಷ್ಠ ಟಾರ್ಕ್, ಅಂದರೆ ತಿರುಗಿಸುವ ಬಲ, 103 ನ್ಯೂಟನ್ ಮೀಟರ್ ಮೊದಲೇ 4500 ಆರ್‌ಪಿಎಂನಲ್ಲಿದೆ. ಘಾಟಿ ಗಾಡಿಗೆ ಆ ಆರ್‌ಪಿಎಂ ಆಗಲೇ ಜಾಸ್ತಿಯಾಯಿತು. ಇನ್ನೂ ಮೇಲಕ್ಕೆ ಕಳಿಸಿದರೆ ಗೊಬ್ಬರದ ಮೂಟೆ ಹೇರಿಕೊಂಡು ಏರುವವನಿಗೆ ಅದು ಕೈಗೇ ಸಿಗುವುದಿಲ್ಲ.

ಓವರ್‌ಲ್ಯಾಪ್ ಜಾಸ್ತಿಯಾದರೆ ಐಡ್ಲಿಂಗ್ ಕುಂಟುತ್ತದೆ, ಗಾಳಿ ಒಳಗೆ ಬರುವ ಇನ್‌ಲೆಟ್ ಮ್ಯಾನಿಫೋಲ್ಡಿನ ವ್ಯಾಕ್ಯೂಮ್ ಇಳಿಯುತ್ತದೆ. ಪೆಡಲ್ ಹಗುರ ಮಾಡುವ ಬ್ರೇಕ್ ಬೂಸ್ಟರ್‌ಗೆ ಬಲ ಬರುವುದು ಅದೇ ವ್ಯಾಕ್ಯೂಮ್‌ನಿಂದ. ಪಾರ್ಕಿಂಗ್ ಮಾಡುವಾಗ, ನಿಧಾನವಾಗಿ ಸಾಲಿನಲ್ಲಿ ಇಳಿಯುವಾಗ ಪೆಡಲ್ ಗಟ್ಟಿಯಾದರೆ ಗೊತ್ತಾಗುತ್ತೆ ಅದರ ಬೆಲೆ. ಸುಡದ ಪೆಟ್ರೋಲ್ ನೇರ ಎಕ್ಸಾಸ್ಟಿಗೆ ಜಾರಿ ಎಮಿಷನ್ ಟೆಸ್ಟಿನಲ್ಲಿ ಹೈಡ್ರೋಕಾರ್ಬನ್ ಏರುತ್ತದೆ. ಕಂಪನಿ ಕೊಟ್ಟ ವಿವರಕ್ಕೆ ಹೊರತಾಗಿ ಗಾಡಿ ಬದಲಾಯಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಮಿತಿ ಹಾಕಿದೆ, ಅದೂ ನೆನಪಿರಲಿ. ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತು ಎಸೆಯುವವರನ್ನು ಕಂಡರೆ ನನಗೆ ನಿಜವಾಗಿ ಬೇಜಾರು. ಆ ಹೊಗೆ ಕುಡಿಯುವವರು ನಮ್ಮೂರಿನ ಮಕ್ಕಳೇ ಅಲ್ವಾ?

ಮೆಕ್ಯಾನಿಕ್ ಲೋಬ್‌ಗಳ ಮೇಲೆ ಉಗುರು ಆಡಿಸುತ್ತಾ ಹೋದರು. ಮೂರನೇ ಸಿಲಿಂಡರಿನ ಹತ್ತಿರ ಕೈ ನಿಂತಿತು. "ಇಲ್ಲಿ ಮುಟ್ಟಿ ನೋಡಪ್ಪ" ಅಂದರು. ಉಬ್ಬಿನ ನೆತ್ತಿ ಸವೆದು ಚಪ್ಪಟೆಯಾಗಿ, ಪಕ್ಕದಲ್ಲಿ ಉಗುರಿಗೆ ಸಿಕ್ಕುವಷ್ಟು ಅಂಚು ಎದ್ದಿತ್ತು. ವರ್ನಿಯರ್ ಹಿಡಿದರೆ ಪಕ್ಕದ ಲೋಬಿಗಿಂತ ಅರ್ಧ ಮಿಲಿಮೀಟರ್ ಕಡಿಮೆ. ಅಂದರೆ ಆ ಸಿಲಿಂಡರ್ ವರ್ಷಗಳಿಂದ ಅರೆಬರೆ ಉಸಿರಾಡುತ್ತಿತ್ತು. ಅವನಿಗೆ ಬೇಕಾದದ್ದು ರೇಸಿನ ಕ್ಯಾಮ್ ಅಲ್ಲ, ಕಂಪನಿಯದೇ ಅಳತೆಯ ಹೊಸ ಕ್ಯಾಮ್.

ಎತ್ತರ ಕಸಿಯುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮಡಿಕೇರಿ ಸುಮಾರು 1150 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿ ಕಡಲತೀರಕ್ಕಿಂತ ಸುಮಾರು ಶೇ 10 ತೆಳು. 80 ಎಚ್‌ಪಿ ಇಲ್ಲಿ ಸುಮಾರು 72 ಆಗುತ್ತದೆ. ಇಷ್ಟು ಚಿಕ್ಕ ಇಂಜಿನ್ನಿಗೆ ಒಳ್ಳೆಯ ಹೆಡರ್ ಕೊಡುವುದು ಕೆಲವೇ ಎಚ್‌ಪಿ. ಜೊತೆಗೆ ಹುಡುಗ ಅಂದಕ್ಕೆಂದು 235/75 ಟಯರ್ ಹಾಕಿಸಿದ್ದ. ಮೂಲದ 205/70ಕ್ಕಿಂತ ಅದರ ವ್ಯಾಸ ಸುಮಾರು ಶೇ 10 ಜಾಸ್ತಿ, ಹಾಗಾಗಿ ನೆಲವನ್ನು ತಳ್ಳುವ ಬಲ ಸುಮಾರು ಶೇ 9 ಕಮ್ಮಿ.

ಹೊಸ ಕ್ಯಾಮ್ ಕೂತಿತು, ಟ್ಯಾಪೆಟ್ ಸರಿಮಾಡಿ ಟೈಮಿಂಗ್ ಬೆಲ್ಟನ್ನೂ ಬದಲಾಯಿಸಿದರು. ಹಳೇ ಅಳತೆಯ ಟಯರ್ ವಾಪಸ್ ಬಂತು. ಮುಂದಿನ ವಾರ ಸುಳ್ಯದಿಂದ ಬರುವಾಗ ಹುಡುಗ ಜೋಡುಪಾಲ ದಾಟಿ ಫೋನ್ ಮಾಡಿದ. ಯಾವಾಗಲೂ ಎರಡನೇ ಗೇರಿಗೆ ಇಳಿಸುತ್ತಿದ್ದ ತಿರುವನ್ನು ಮೂರರಲ್ಲೇ ಏರಿದ್ದನಂತೆ. 4-2-1 ಹೆಡರ್ ಮಳೆ ನಿಂತ ಮೇಲೆ ಹಾಕಿಸೋಣ ಅಂದ. ಆ ಡೈರಿಯ ಹಾಳೆ ಈಗ ಅವನ ಡ್ಯಾಶ್‌ಬೋರ್ಡಿನಲ್ಲಿದೆ.