ಹೆರುವವಳನ್ನು ಅಂಗಾತ ಮಲಗಿಸಬೇಡಿ

ನೋವು ಶುರುವಾಗಿ ಬಂದ ಹೆಣ್ಣುಮಗಳನ್ನು ಮೊದಲು ಮೇಜಿನ ಮೇಲೆ ಅಂಗಾತ ಮಲಗಿಸುವುದು ಎಷ್ಟೋ ಹೆರಿಗೆ ಕೋಣೆಗಳ ರೂಢಿ. ಇದರಿಂದ ಅನುಕೂಲವಾಗುವುದು ಪರೀಕ್ಷಿಸುವವರಿಗೆ, ಹೆರುವವಳಿಗಲ್ಲ. ತುಂಬುಗರ್ಭದ ಭಾರ ಬೆನ್ನುಮೂಳೆಯ ಮುಂದಿರುವ ದೊಡ್ಡ ರಕ್ತನಾಳಗಳನ್ನು ಒತ್ತುತ್ತದೆ. ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗಿ ಬಿಪಿ ಇಳಿಯುತ್ತದೆ, ಕಣ್ಣು ಕತ್ತಲಿಡುತ್ತದೆ, ಮಗುವಿನ ಎದೆಬಡಿತವೂ ನಿಧಾನವಾಗಬಹುದು. ಬಡಿತ ನಿಮಿಷಕ್ಕೆ 110ಕ್ಕಿಂತ ಕೆಳಗಿಳಿದರೆ ಕೂಡಲೇ ಎಡಮಗ್ಗುಲಿಗೆ ಹೊರಳಿಸಿ ಮತ್ತೆ ಕೇಳಿ, ಅದೇ ಹೊತ್ತಿಗೆ ವೈದ್ಯರನ್ನೂ ಕರೆಸಿ. ಮಲಗಿಸಿದ್ದೇ ಕಾರಣವಾಗಿದ್ದರೆ ಹೊರಳಿಸಿದ ಮೇಲೆ ಬಡಿತ ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತದೆ.

ತೊಡಕಿಲ್ಲದ ಹೆರಿಗೆಯಲ್ಲಿ ಅವಳು ಓಡಾಡಲಿ, ಕೂರಲಿ, ಮಂಚ ಹಿಡಿದು ಮುಂದಕ್ಕೆ ಬಾಗಿ ನಿಲ್ಲಲಿ. ಎಳನೀರು, ಗಂಜಿ ಕುಡಿಯಲಿ.

ಒಳಪರೀಕ್ಷೆಯನ್ನು ಸಾಮಾನ್ಯವಾಗಿ ನಾಲ್ಕು ಗಂಟೆಗೊಮ್ಮೆ ಮಾಡಿದರೆ ಸಾಕು. ಡ್ಯೂಟಿಗೆ ಬಂದವರೆಲ್ಲ ಒಬ್ಬೊಬ್ಬರಾಗಿ ಕೈಹಾಕುವುದು ಅವಮಾನ ಮಾತ್ರವಲ್ಲ, ಸೋಂಕಿಗೂ ದಾರಿ. ಮೊದಲು ಪರದೆ ಎಳೆಯಿರಿ. ಹೆಸರು ಹಿಡಿದು ಮಾತಾಡಿಸಿ, ಯಾಕೆ ನೋಡಬೇಕೆಂದು ಹೇಳಿ, ಒಪ್ಪಿಗೆ ಕೇಳಿ. ಬಂದ ನೋವು ಇಳಿಯುವವರೆಗೆ ಕಾಯಿರಿ. ಆಮೇಲೆ ನೋಡಿ, ‘ಗರ್ಭಕೋಶದ ಬಾಯಿ ಆರು ಸೆಂಟಿಮೀಟರ್ ತೆರೆದಿದೆ ಅಮ್ಮಾ’ ಎಂದು ಅವಳಿಗೇ ತಿಳಿಸಿ. ಕೇಸ್‌ಶೀಟಿಗೆ ಬರೆದುಕೊಂಡು ಸುಮ್ಮನೆ ಹೋಗಬೇಡಿ.

ಗಂಟೆಗೆ ಒಂದು ಸೆಂಟಿಮೀಟರ್ ತೆರೆಯಲೇಬೇಕೆಂಬ ಲೆಕ್ಕವನ್ನು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲೇ ಕೈಬಿಟ್ಟಿದೆ. ಹೆರಿಗೆಯ ಜೋರು ಹಂತ ಐದು ಸೆಂಟಿಮೀಟರಿನಿಂದ ಶುರು. ಮೂರರಲ್ಲಿ ದಾಖಲಾದವಳಿಗೆ ‘ನಿಧಾನ’ವೆಂದು ನೋವು ಹೆಚ್ಚಿಸುವ ಡ್ರಿಪ್ ಹಚ್ಚಿದರೆ ನೋವು ಒಂದರ ಬೆನ್ನಿಗೊಂದು ಬಂದು, ಮಗುವಿಗೆ ಸುಧಾರಿಸಿಕೊಳ್ಳಲು ಬಿಡುವೇ ಸಿಗದೆ ಹೋಗಬಹುದು.

ಜೊತೆಗೊಬ್ಬ ಹೆಂಗಸನ್ನು ಇರಗೊಡಲು ಕೇಂದ್ರ ಆರೋಗ್ಯ ಇಲಾಖೆ 2016ರಲ್ಲೇ ಸರ್ಕಾರಿ ಆಸ್ಪತ್ರೆಗಳಿಗೆ ಅನುಮತಿ ಕೊಟ್ಟಿದೆ. ಹೆರಿಗೆ ಕೋಣೆಗಳ ಗುಣಮಟ್ಟ ಹೆಚ್ಚಿಸುವ 2017ರ ‘ಲಕ್ಷ್ಯ’ ಯೋಜನೆಯೂ ಇದನ್ನೇ ಹೇಳುತ್ತದೆ. ಆದರೂ ಅಮ್ಮನೋ ಅತ್ತೆಯೋ ಬಾಗಿಲಾಚೆಯೇ ನಿಂತಿರುತ್ತಾರೆ. ಮೇಜುಗಳ ನಡುವೆ ಪರದೆಯಿಲ್ಲ ಎಂಬುದು ಕಾರಣವಾದರೆ ಪರದೆ ಹಾಕಿಸಬೇಕು. ಒಳಗೆ ಬಂದವರಿಗೆ ಕೆಲಸವನ್ನೂ ತೋರಿಸಿಕೊಡಿ: ನೋವು ಏರುವಾಗ ಅಂಗೈಯ ಬುಡದಿಂದ ಸೊಂಟದ ಕೆಳಗೆ ಒತ್ತಿ ಹಿಡಿಯುವುದು, ಇಳಿದಾಗ ಒಂದು ಗುಟುಕು ನೀರು ಕೊಡುವುದು.

‘ಮುಕ್ಕು, ಮುಕ್ಕು’ ಎಂದು ಕೂಗುವುದು ಬೇಡ. ಒತ್ತು ಬಂದಾಗ ಅವಳೇ ಮುಕ್ಕುತ್ತಾಳೆ. ಚೊಚ್ಚಲಿಗೆ ಈ ಹಂತ ಮೂರು ಗಂಟೆಯವರೆಗೂ ಹಿಡಿಯಬಹುದು. ಮಗುವಿನ ಬಡಿತವನ್ನು ಐದು ನಿಮಿಷಕ್ಕೊಮ್ಮೆ ಕೇಳುತ್ತಿರಿ. ಮೊಣಕೈಯಿಂದ ಹೊಟ್ಟೆ ಒತ್ತುವುದನ್ನು ಮಾತ್ರ ಯಾರೂ ಮಾಡಕೂಡದು. ಅದರಿಂದ ಗರ್ಭಕೋಶ ಹರಿಯುವ, ಗುದದ್ವಾರದವರೆಗೂ ಸೀಳುವ ಅಪಾಯವಿದೆ. ಹೆರಿಗೆಯ ದಾರಿ ಅಗಲಿಸಲು ಕೆಳಗೆ ಕತ್ತರಿ ಹಾಕುವುದೂ ಎಲ್ಲರಿಗೂ ಬೇಕಾದ್ದಲ್ಲ.

ಹುಟ್ಟಿ ಅತ್ತ ಮಗುವನ್ನು ಒರೆಸಿ ತಾಯಿಯ ಬರಿ ಎದೆಯ ಮೇಲೆ ಮಲಗಿಸಿ, ಬಟ್ಟೆ ಹೊದಿಸಿ. ಹೊಕ್ಕುಳಬಳ್ಳಿಗೆ ಒಂದು ನಿಮಿಷವಾದರೂ ಕ್ಲಾಂಪ್ ಬೇಡ. ತೂಕ ಒಂದು ಗಂಟೆಯ ನಂತರ ನೋಡಿದರಾಯಿತು. ಹೊಲಿಗೆ ಬೇಕಾದರೆ ಮಗು ಎದೆಯ ಮೇಲಿರುವಾಗಲೇ ಹಾಕಬಹುದು. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಎರಡು ನಿಮಿಷ ಕಾಯಿರಿ, ಚಿಮಟದಿಂದ ಮೆಲ್ಲಗೆ ಚಿವುಟಿ ‘ನೋವಾಗ್ತಿದೆಯಾ ಅಮ್ಮಾ?’ ಎಂದು ಕೇಳಿ. ಅವಳು ಇಲ್ಲವೆಂದ ಮೇಲೆಯೇ ಸೂಜಿ ಹಿಡಿಯಿರಿ.