ದಾರಕ್ಕೆ ಕಟ್ಟಿದ ಹುಳು

ಎಲೆಯಂತೆ ಚಪ್ಪಟೆಯಾದ ಒಂದು ಹುಳು. ಎರಡು ಮೂರು ಸೆಂಟಿಮೀಟರ್ ಉದ್ದ. ಕುರಿ, ದನಗಳ ಲಿವರ್‌ನಲ್ಲಿ, ಪಿತ್ತ ಹರಿಯುವ ನಾಳದೊಳಗೆ ಅದರ ವಾಸ. ಇದನ್ನು ದಾರದಿಂದ ಪುಟ್ಟ ಸನ್ನೆಕೋಲಿಗೆ ಕಟ್ಟಿ ಬೆಚ್ಚಗಿನ ದ್ರಾವಣದಲ್ಲಿ ಬಿಟ್ಟರೆ ಸುಮ್ನೆ ಇರುವುದಿಲ್ಲ, ಮೈ ಕುಗ್ಗಿಸುತ್ತದೆ, ಹಿಗ್ಗಿಸುತ್ತದೆ. ಮಸಿ ಹಿಡಿಸಿದ ಡ್ರಮ್ಮು ಪಕ್ಕದಲ್ಲೇ ನಿಧಾನವಾಗಿ ತಿರುಗುತ್ತಿರುತ್ತದೆ. ಸನ್ನೆಕೋಲಿನ ತುದಿ ಅದರ ಮೇಲೆ ಹುಳುವಿನ ಒದ್ದಾಟವನ್ನೆಲ್ಲ ಗೀಚುತ್ತದೆ. ದ್ರಾವಣಕ್ಕೆ ಔಷಧ ಹಾಕಿದಾಗ ಗೀಚು ಹೇಗೆ ಬದಲಾಗುತ್ತದೆ ಎಂದು ನೋಡಬೇಕು, ಅಷ್ಟೇ. ಈ ಪ್ರಯೋಗವನ್ನು 1949ರಲ್ಲಿ ಪ್ರಕಟಿಸಿದ ಇಬ್ಬರಲ್ಲಿ ಒಬ್ಬರು ಈಜಿಪ್ಟ್‌ನಲ್ಲಿ ಹುಟ್ಟಿದ ಟ್ಯಾಗ್ ಮನ್ಸೂರ್. ಮುಂದೆ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಪ್ರಾಧ್ಯಾಪಕರಾದರು. ಹುಳುಗಳ ಸಹವಾಸ ಮಾತ್ರ ಬಿಡಲಿಲ್ಲ.

ಅವರ ನಾಡಿಗೆ ಹುಳುಗಳ ಕಾಟ ಹಳೆಯದು. ಅಲ್ಲಿನ ದೊಡ್ಡ ಪಿಡುಗು ಬಿಲ್‌ಹಾರ್ಜಿಯಾ ಎಂಬ ರೋಗ, ಅದನ್ನು ತರುವುದು ಬೇರೊಂದು ಹುಳು. ಆ ಹುಳುವನ್ನು 1851ರಲ್ಲಿ ಕೈರೋದಲ್ಲಿ ಪತ್ತೆ ಮಾಡಿದ್ದು ಜರ್ಮನ್ ವೈದ್ಯ ಥಿಯೋಡೋರ್ ಬಿಲ್‌ಹಾರ್ಜ್. ಮರಿಗಳು ನೀರಿನ ಬಸವನಹುಳುವಿನಲ್ಲಿ ಬೆಳೆದು ಹೊರಬಂದು, ನೀರಿಗಿಳಿದವರ ಚರ್ಮ ತೂರಿ ಒಳಸೇರುತ್ತವೆ. ಈ ಹುಳುಗಳಲ್ಲಿ ಒಂದು ಜಾತಿ ಕರುಳಿನ ಸುತ್ತಲಿನ ರಕ್ತನಾಳಗಳಲ್ಲಿ ಗಂಡು ಹೆಣ್ಣು ಜೋಡಿಯಾಗಿ ವರ್ಷಗಟ್ಟಲೆ ಸಂಸಾರ ಹೂಡುತ್ತದೆ. ಹುಳುವಿಗಿಂತ ಅದರ ಮೊಟ್ಟೆಯ ಹಾವಳಿಯೇ ಜಾಸ್ತಿ. ಅವು ರಕ್ತದಲ್ಲಿ ಹರಿದು ಲಿವರ್‌ನಲ್ಲಿ ಸಿಕ್ಕಿಬೀಳುತ್ತವೆ. ಅವುಗಳ ಸುತ್ತ ದೇಹ ಗಂಟು ಕಟ್ಟುತ್ತದೆ, ಲಿವರ್ ಗಡುಸಾಗುತ್ತಾ ಹೋಗುತ್ತದೆ.

ಈ ಹುಳುವಿನ ಹಸಿವನ್ನು ಅಳೆದವರು ಅರ್ನೆಸ್ಟ್ ಬ್ಯೂಡಿಂಗ್ ಎಂಬ ಜೀವರಸಾಯನ ವಿಜ್ಞಾನಿ. ಅವರು 1950ರಲ್ಲಿ ಕೊಟ್ಟ ಲೆಕ್ಕ ನೋಡಿ. ತನ್ನ ಒಣತೂಕದ ಸುಮಾರು ಐದನೇ ಒಂದು ಭಾಗದಷ್ಟು ಗ್ಲೂಕೋಸನ್ನು ಈ ಹುಳು ಒಂದೇ ಗಂಟೆಯಲ್ಲಿ ತಿಂದು ಮುಗಿಸುತ್ತದೆ! ಸುತ್ತಲಿನ ರಕ್ತದಲ್ಲಿ ಆಮ್ಲಜನಕ ಇದ್ದರೂ ಸಕ್ಕರೆಯನ್ನು ಪೂರ್ತಿ ಉರಿಸುವುದಿಲ್ಲ. ಹೆಚ್ಚಿನದನ್ನು ಲ್ಯಾಕ್ಟಿಕ್ ಆಮ್ಲ ಮಾಡಿ ಹೊರಗೆ ಚೆಲ್ಲುತ್ತದೆ. ದುಂದುಗಾರ ಬಾಡಿಗೆದಾರ, ಅಲ್ವಾ? ಸಕ್ಕರೆ ಒಡೆಯುವ ದಾರಿಯನ್ನೇ ಎಲ್ಲಾದರೂ ಮುಚ್ಚಿದರೆ ಹುಳು ಉಪವಾಸ ಬೀಳಬೇಕು.

ಆ ದಾರಿಯಲ್ಲಿ ಒಂದು ಗೇಟು ಇದೆ. ಹೆಸರು ಫಾಸ್ಫೋಫ್ರಕ್ಟೋಕೈನೇಸ್. ಬಾಯಿ ಸುಸ್ತಾಗುತ್ತದೆ, ಪಿಎಫ್‌ಕೆ ಎನ್ನೋಣ. ಸಕ್ಕರೆಯ ಅಣುವಿಗೆ ಎರಡನೇ ಫಾಸ್ಫೇಟ್ ಅಂಟಿಸುವ ಕಿಣ್ವ ಇದು. ನಮ್ಮಲ್ಲೂ ಇದೆ, ಹುಳುವಿನಲ್ಲೂ ಇದೆ. ಹೆಸರು ಒಂದೇ, ಕೆಲಸ ಒಂದೇ. ಬ್ಯೂಡಿಂಗ್ ಜೊತೆ ಸೇರಿ 1954ರಲ್ಲಿ ಮನ್ಸೂರ್ ತೋರಿಸಿದ್ದು ಇವೆರಡರ ನಡುವಿನ ವ್ಯತ್ಯಾಸವನ್ನು. ಹುಳುವಿನ ಪಿಎಫ್‌ಕೆಯನ್ನು ಕಟ್ಟಿಹಾಕಲು ಆಂಟಿಮನಿ ಎಂಬ ಮೂಲವಸ್ತುವಿನ ಔಷಧ ಚೂರೇ ಚೂರು ಸಾಕು. ಸಸ್ತನಿಗಳ ಪಿಎಫ್‌ಕೆಗೆ ಅದರ ಎಷ್ಟೋ ಪಟ್ಟು ಬೇಕು. ಸುಡಾನ್‌ನ ಖಾರ್ಟೂಮ್‌ನಿಂದ 1918ರಲ್ಲಿ ವರದಿಯಾಗಿದ್ದ, ಬಿಲ್‌ಹಾರ್ಜಿಯಾಕ್ಕೆ ಕೊಡುವ ಆಂಟಿಮನಿ ಇಂಜೆಕ್ಷನ್ ಯಾಕೆ ಕೆಲಸ ಮಾಡುತ್ತದೆ ಎಂಬುದಕ್ಕೆ ಒಂದು ಕಾರಣ ಸಿಕ್ಕಿತು.

ಔಷಧವೇನೂ ಸಾಧುವಾಗಿರಲಿಲ್ಲ. ವಾಂತಿ ಬರಿಸುತ್ತಿತ್ತು, ಹೃದಯವನ್ನೂ ಕಾಡುತ್ತಿತ್ತು. ಅದಕ್ಕಿಂತ ದೊಡ್ಡ ಅನಾಹುತ ಸೂಜಿಯಿಂದ ಬಂತು. ಈಜಿಪ್ಟ್‌ನ ಸಾಮೂಹಿಕ ಚಿಕಿತ್ಸೆಯಲ್ಲಿ ಒಬ್ಬರಿಗೆ ಚುಚ್ಚಿದ ಸೂಜಿ ಇನ್ನೊಬ್ಬರಿಗೂ ಹೋಯಿತು. ಅದರ ಜೊತೆ ಹೆಪಟೈಟಿಸ್ ಸಿ ಹರಡಿತು. ಲಿವರ್ ಉಳಿಸಲು ಹೊರಟ ಇಂಜೆಕ್ಷನ್ ಬೇರೊಂದು ದಾರಿಯಲ್ಲಿ ಲಿವರ್‌ಗೇ ಬಂದು ತಗುಲಿತು. ಆ ವೈರಸ್ಸಿಗೆ ಹೆಸರು ಸಿಕ್ಕಿದ್ದೇ 1989ರಲ್ಲಿ.

ಮನ್ಸೂರ್ ಮತ್ತೆ ಪಿತ್ತನಾಳದ ಹುಳುವಿಗೆ ಮರಳಿದರು. ನರಗಳು ಸುದ್ದಿ ಮುಟ್ಟಿಸಲು ಬಳಸುವ ಸೆರೊಟೋನಿನ್ ಎಂಬ ರಾಸಾಯನಿಕ ಹಾಕಿದರೆ ಅದರ ಕುಣಿತ ಜೋರಾಗುತ್ತಿತ್ತು. ಸಕ್ಕರೆ ಒಡೆಯುವುದೂ ಹೆಚ್ಚುತ್ತಿತ್ತು. ಅದೇ ಹೊತ್ತಿನಲ್ಲಿ ಅಮೆರಿಕದ ವಿಜ್ಞಾನಿ ಅರ್ಲ್ ಸದರ್‌ಲ್ಯಾಂಡ್ ಲಿವರ್ ಕಿಣ್ವಗಳ ಬೆನ್ನುಹತ್ತಿದ್ದರು. ಅಡ್ರಿನಲಿನ್ ತಾಗಿದರೆ ಲಿವರ್ ತನ್ನಲ್ಲಿ ಕೂಡಿಟ್ಟ ಗ್ಲೈಕೋಜನ್ನನ್ನು ಒಡೆದು ಸಕ್ಕರೆ ಬಿಡುತ್ತದೆ. ಈ ಸುದ್ದಿಯನ್ನು ಜೀವಕೋಶದೊಳಗೆ ಮುಟ್ಟಿಸುವ ದೂತ ಸೈಕ್ಲಿಕ್ ಎಎಂಪಿ ಎಂಬ ಸಣ್ಣ ಅಣು. ಇದಕ್ಕಾಗಿ ಅವರಿಗೆ 1971ರಲ್ಲಿ ನೊಬೆಲ್ ಬಂತು. ಇಬ್ಬರ ತಂಡಗಳೂ ಕೂಡಿ 1960ರಲ್ಲಿ ನೋಡಿದರೆ, ಹುಳುವಿನಲ್ಲೂ ದೂತ ಅವನೇ! ಅವನನ್ನು ಎಬ್ಬಿಸುವುದು ಮಾತ್ರ ಸೆರೊಟೋನಿನ್. ಮುಂದೆ ಇದೇ ಎಳೆ ಹಿಡಿದು ಮನ್ಸೂರ್ ಹುಳುವಿನ ಪಿಎಫ್‌ಕೆಯಿಂದ ಹೃದಯದ ಪಿಎಫ್‌ಕೆಗೆ ಹೋದರು. ಅವರ ತಂಡ 1966ರಲ್ಲಿ ಕುರಿಯ ಹೃದಯದಿಂದ ಆ ಕಿಣ್ವವನ್ನು ಶುದ್ಧವಾಗಿ ತೆಗೆದು ಹರಳುಗಟ್ಟಿಸಿತು. ಹೃದಯ ಸಕ್ಕರೆ ಬಳಸುವ ಬಗೆ ತಿಳಿಯುವುದಕ್ಕೆ ಹುಳುವೊಂದು ದಾರಿ ತೋರಿಸಿದ್ದು ನನಗಂತೂ ಈ ಕಥೆಯಲ್ಲಿ ಬಹಳ ಇಷ್ಟವಾದ ಭಾಗ.

ಹಾಗಂತ ಬಿಲ್‌ಹಾರ್ಜಿಯಾಕ್ಕೆ ಕೊನೆಗೆ ಬಂದ ಮಾತ್ರೆಗೂ ಪಿಎಫ್‌ಕೆಗೂ ಸಂಬಂಧವಿಲ್ಲ. 1970ರ ದಶಕದ ಪ್ರಾಜಿಕ್ವಾಂಟೆಲ್ ಹೇಗೆ ಕೆಲಸ ಮಾಡುತ್ತದೆ ಎಂಬುದೇ ದಶಕಗಟ್ಟಲೆ ಒಗಟಾಗಿತ್ತು. ಅದು ಹುಳುವಿನ ಜೀವಕೋಶದ ಪೊರೆಯಲ್ಲಿರುವ ಒಂದು ಪುಟ್ಟ ಕಾಲುವೆಯನ್ನು ತೆರೆದು ಒಳಗೆ ಕ್ಯಾಲ್ಸಿಯಂ ನುಗ್ಗಿಸುತ್ತದೆ ಎಂದು 2019ರಲ್ಲಿ ಗೊತ್ತಾಯಿತು. ಆದರೆ ದಾರಕ್ಕೆ ಕಟ್ಟಿದ್ದ ಆ ಪಿತ್ತನಾಳದ ಹುಳು ಇದೆಯಲ್ಲ, ಅದಕ್ಕೆ ಈ ಮಾತ್ರೆ ನಾಟುವುದಿಲ್ಲ. ಅದರಲ್ಲೂ ಅದೇ ಕಾಲುವೆ ಇದೆ. ಔಷಧ ಕೂರುವ ಜಾಗದಲ್ಲಿ ಒಂದೇ ಒಂದು ಅಮೈನೋ ಆಮ್ಲ ಬೇರೆ.